ಮೊದಲ ದೃಶ್ಯದ ಹೆಣ

“ಸರ್, ನನ್ನ ಡಾಕ್ಟರ್ ಪಾತ್ರ ಸ್ಕಂದನಿಗೇ ಕೊಟ್ಟುಬಿಡಿ. ಅವನ ಬದಲು ನಾನು ಹೆಣ ಆಗ್ತೀನಿ.”

ನಾಟಕ ನಾಡಿದ್ದು ಎನ್ನುವಾಗ ಸಮರ್ಥ್ ಹೀಗೆಂದದ್ದು ಕೇಳಿ ನಿರ್ದೇಶಕ ಯಜ್ಞನಾರಾಯಣರ ಕೈಯಲ್ಲಿದ್ದ ಚಹಾ ಚೆಲ್ಲಿತು. ಕೊಚ್ಚಿಯ ಕನ್ನಡಿಗರು ಆಡಲಿದ್ದ ಆ ಪ್ಲೇಗ್ ನಾಟಕದಲ್ಲಿ ಡಾಕ್ಟರನೇ ನಾಯಕ. ರೋಗಿಗಳನ್ನು ಬಾಚಿ ಎತ್ತಿಕೊಳ್ಳುತ್ತಾನೆ, ಮಂಡಿಯೂರಿ ಅಳುತ್ತಾನೆ, ಪುಟಗಟ್ಟಲೆ ಮಾತಾಡುತ್ತಾನೆ. ಹೆಣಕ್ಕೆ ಚಟ್ಟ ಬಿಟ್ಟರೆ ಬೇರೇನೂ ಇಲ್ಲ.

ಯಜ್ಞನಾರಾಯಣರು ಬೈಯಲೂ ಆಗದೆ ಒಪ್ಪಿಕೊಂಡರು. ಊರಲ್ಲೆಲ್ಲ ಜ್ವರದ ಹಾವಳಿ. ಆಗಲೇ ಇಬ್ಬರು ನಟರು ಹಾಸಿಗೆ ಹಿಡಿದಿದ್ದರು. ಇನ್ನೊಬ್ಬ ಕೈಕೊಟ್ಟರೆ ನಾಟಕವೇ ರದ್ದು ಎಂದು ಅವರು ಸಾರಿಬಿಟ್ಟಿದ್ದರು.

ಸಂಹಿತಾಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅವಳೂ ಸಮರ್ಥನೂ ಕೊಚ್ಚಿಯ ಕಾಕ್ಕನಾಡಿನ ಒಂದೇ ಕಂಪನಿಯಲ್ಲಿದ್ದರು. ಇಬ್ಬರ ಮದುವೆ ಈ ನಾಟಕದ ಮೇಲೆ ನಿಂತಿತ್ತು. ಅವಳ ಅಪ್ಪ ರುದ್ರಪ್ಪ ಧಾರವಾಡದವರು, ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಅಧಿಕಾರಿ. ಪಾತ್ರ ನೋಡಿಯೇ ಮನುಷ್ಯನನ್ನು ಅಳೆಯುವ ಜಾಯಮಾನ.

“ಹುಡುಗನ ಹೆಸರು ಹೇಳಬ್ಯಾಡ. ನಾಟಕ ನೋಡಿ ನಾನ ಹುಡುಕತೀನಿ,” ಎಂದಿದ್ದರು ಫೋನಿನಲ್ಲಿ. “ಊರಿಗೆ ರೋಗ ಬಂದಾಗ ಜೀವದ ಹಂಗು ಬಿಟ್ಟು ನಿಲ್ಲಾಂವ ಯಾರೋ, ಅವನ ನನ್ನ ಅಳಿಯಾ.” ಅವರು ಮೆಚ್ಚದಿದ್ದರೆ ಧಾರವಾಡದಲ್ಲಿ ಸೋದರತ್ತೆಯ ಮಗ ಕಾದು ಕುಳಿತಿದ್ದ.

“ಅಷ್ಟು ಭಯಾನಾ ನಿಂಗೆ?” ಸಂಹಿತಾ ಸಮರ್ಥನನ್ನು ಕೇಳಿದಳು.

“ಹೆಣಕ್ಕೆ ಡೈಲಾಗ್ ಮರೆಯೋ ಭಯ ಇರಲ್ಲ ನೋಡು,” ಎಂದು ಅವನು ಕುರ್ಚಿ ಬಿಟ್ಟೇಳದೆ ನಕ್ಕ.

ಸೋಮಾರಿತನಕ್ಕೂ ಒಂದು ಮಿತಿ ಬೇಡವೇ? ನಾಟಕದ ದಿನ ಮಹಾರಾಯ ಪಕ್ಕದ ಬೀದಿಯಿಂದ ಆಟೋದಲ್ಲಿ ಬಂದ. ಅಂಗಿಯ ಗುಂಡಿಯನ್ನು ಇನ್ನೊಬ್ಬರು ಹಾಕಬೇಕಾಯಿತು. ಎಲ್ಲರಿಗಿಂತ ಮೊದಲೇ ಹೋಗಿ ಚಟ್ಟದ ಮೇಲೆ ಒರಗಿಬಿಟ್ಟ. ರುದ್ರಪ್ಪ ಹುಡುಗರನ್ನು ಮಾತಾಡಿಸಲು ಒಳಗೆ ಬಂದಾಗ ಉಳಿದವರೆಲ್ಲ ಕಾಲಿಗೆ ಬಿದ್ದರೆ, ಇವನು ಮಲಗಿದಲ್ಲಿಂದಲೇ ಹಲ್ಲು ಕಿರಿದ.

“ಎಷ್ಟು ಸೊಕ್ಕೋ ಇವಂಗ,” ರುದ್ರಪ್ಪ ಗೊಣಗಿದರು. ಸಂಹಿತಾಗೆ ಅಳುವೇ ಬಂತು.

ಪರದೆ ಎದ್ದಿತು. ಹೆಣ ಹೊತ್ತವರಲ್ಲಿ ಒಬ್ಬ ಎಡವಿದ. ಹೆಣ ಚಟ್ಟಸಮೇತ ಧೊಪ್ಪನೆ ಬಿತ್ತು. ಗಡಿಬಿಡಿಯಲ್ಲಿ ಎತ್ತಿದರು, ಮತ್ತೆ ಬಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಣ ಮಿಸುಕಲಿಲ್ಲ. ಆಮೇಲೆ ಡಾಕ್ಟರ್ ಸ್ಕಂದ ಬಂದ. ಗುಡುಗಿದ, ಅತ್ತ, ರೋಗಿಗಳನ್ನು ಎದೆಗವಚಿಕೊಂಡ. ಚಪ್ಪಾಳೆಯೋ ಚಪ್ಪಾಳೆ.

ನಾಟಕ ಮುಗಿದದ್ದೇ ತಡ, ರುದ್ರಪ್ಪ ವೇದಿಕೆಗೆ ನುಗ್ಗಿ ಸ್ಕಂದನನ್ನು ಅಪ್ಪಿಕೊಂಡರು. “ಅಳಿಯಾ ಅಂದ್ರ ಹಿಂಗಿರಬೇಕು!”

“ಅವನಲ್ಲ ಅಪ್ಪಾ,” ಸಂಹಿತಾಳ ದನಿ ಉಡುಗಿತ್ತು. “ಹೆಣ.”

ಪಕ್ಕದ ಪರದೆಯ ಹಿಂದೆ, ಇಳಿಸಿಟ್ಟಲ್ಲೇ, ಸಮರ್ಥ್ ಇನ್ನೂ ಮಲಗಿದ್ದ. ರುದ್ರಪ್ಪ ಎದುರು ಹೋಗಿ ನಿಂತರು. “ಹಿರ್ಯಾರು ಬಂದ್ರೂ ಏಳಾಂಗಿಲ್ಲೇನು ನೀ?”

“ಏಳೋಕಾಗ್ತಿಲ್ಲ ಅಂಕಲ್. ಮೊನ್ನೆಯಿಂದ ಚಿಕೂನ್‌ಗುನ್ಯ. ಹೇಳಿದ್ದಿದ್ರೆ ನಾಟಕ ನಿಂತುಹೋಗ್ತಿತ್ತು, ನೀವೂ ಬರ್ತಿರ್ಲಿಲ್ಲ.” ಕೈ ಮುಗಿಯಲು ನೋಡಿದ. ಊದಿದ ಬೆರಳುಗಳು ಒಂದಕ್ಕೊಂದು ಕೂಡಲಿಲ್ಲ.

ಹೋದ ತಿಂಗಳಷ್ಟೇ ಅದೇ ಜ್ವರ ಬಂದು, ಹೆಂಡತಿ ಹೊದಿಕೆ ಸರಿಸಿದ್ದಕ್ಕೇ ಓಣಿಗೆಲ್ಲ ಕೇಳುವಂತೆ ಚೀರಿದ್ದ ರುದ್ರಪ್ಪ, ಎರಡೆರಡು ಸಲ ಬಿದ್ದರೂ ತುಟಿ ಬಿಚ್ಚದಿದ್ದ ಆ ಹುಡುಗನನ್ನು ನೋಡುತ್ತ ನಿಂತುಬಿಟ್ಟರು.

“ಏ, ಕುರ್ಚಿ ತರ್ರಿ. ಮೆಲ್ಲಕ ಎತ್ರಿ. ಈ ಸಲಾ ಕೆಡವಿದ್ರ ನೋಡ್ರಿ ಮತ್ತ, ನಮ್ಮ ಅಳಿಯಾ ಅದಾನ!”