ಬಿರುಕಿಗೆ ಅಡ್ಡ ಇಟ್ಟ ಗಾಜು

ಅಕ್ಕನ ಹೊಸ ಮನೆಯ ಪಾಯದ ಬಳಿ ಮಂಡಿಯೂರಿದ್ದ ತಂಗಿಯ ಹೆಬ್ಬೆರಳು ಗಾಜಿನ ಪಟ್ಟಿಯ ಮೇಲೆ ನಿಂತಿತ್ತು. ಬಿರುಕಿಗೆ ಅಡ್ಡವಾಗಿ ಆ ತೆಳು ಗಾಜನ್ನು ಮೂರು ತಿಂಗಳ ಹಿಂದೆ ಅವಳೇ ಅಂಟಿಸಿದ್ದಳು. ಪಾಯ ಕುಸಿಯುತ್ತಿದ್ದರೆ ಗಾಜು ಒಡೆಯಬೇಕಿತ್ತು. ಒಡೆದಿರಲಿಲ್ಲ.

ಕಂಡವರ ಮನೆಗಳ ಪಾಯ ನೋಡುತ್ತಲೇ ಹದಿನೈದು ವರ್ಷ ಕಳೆದ ಅವಳು ಇನ್ನೂ ಬಾಡಿಗೆಯ ಎರಡು ಕೋಣೆಯಲ್ಲಿದ್ದಳು. ಇಲ್ಲಿ ಅಕ್ಕನಿಗೆ ಬಟ್ಟೆ ಒಣಗಿಸಲಿಕ್ಕೇ ಒಂದು ಕೋಣೆ. ತುಸು ಒತ್ತಿದರೆ ಗಾಜು ಚಟ್ ಎನ್ನುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ಒತ್ತತೊಡಗಿತು.

“ಏನಾಯ್ತೇ?” ಅಕ್ಕ ಕಿಟಕಿಯಿಂದ ಬಗ್ಗಿ ಕೇಳಿದಳು. “ಇನ್ನೊಬ್ಬ ಇಂಜಿನಿಯರನ್ನೂ ಕರೆಸೋಣ ಅಂದೆ, ನಿಮ್ಮ ಭಾವ ಒಪ್ಪಲಿಲ್ಲ. ‘ಅವಳು ಕೆಟ್ಟಿದೆ ಅಂದ್ರೆ ಕೆಟ್ಟಿದೆ, ಗಟ್ಟಿ ಅಂದ್ರೆ ಗಟ್ಟಿ’ ಅಂತ ನಿನ್ನ ಮಾತಿಗೇ ಕಾದು ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಹಾಕ್ದೆ ಕೂತಿದ್ದಾರೆ.”

ಹೆಣ್ಣುಮಕ್ಕಳಿಗೆ ಕಲ್ಲು ಮಣ್ಣಿನ ಕೆಲಸ ಏನು ಗೊತ್ತು ಎಂದು ಹಿಂದೆ ಮನೆಮಂದಿಯ ಮುಂದೆ ನಕ್ಕಿದ್ದವನು ಅದೇ ಭಾವ. ಅವಳು ಬೆರಳು ತೆಗೆದಳು. ಹೊಟ್ಟೆಯುರಿ ಮಾತ್ರ ಇದ್ದಲ್ಲೇ ಇತ್ತು.

“ಪಾಯ ಗಟ್ಟಿಯಾಗಿದೆ ಕಣಕ್ಕ. ಬಿರುಕು ಮೇಲಿನ ಗಾರೆಯದ್ದು ಅಷ್ಟೇ. ಹೋಗು, ಭಾವನಿಗೆ ಊಟ ಹಾಕು.”