ಐದನೇ ನಂಬರಿನ ರಕ್ತ

ಪ್ರೊಫೆಸರರಿಗೆ ಯಾರನ್ನೂ ನಂಬಿ ಗೊತ್ತಿರಲಿಲ್ಲ. ನೀರು ಬೆರೆಸುತ್ತಾನೆಂದು ಹಾಲಿನವನನ್ನು ಬಿಡಿಸಿದ್ದರು. ಬಂಜೆಯೆಂಬುದನ್ನು ಮುಚ್ಚಿಟ್ಟು ಮದುವೆ ಮಾಡಿದರೆಂದು ಹೆಂಡತಿಯನ್ನು ತವರಿಗೆ ಕಳಿಸಿದ್ದರು. ಲ್ಯಾಬಿನಲ್ಲೂ ಹಾಗೆಯೇ. ಐದು ಬಗೆಯ ಗಂಡು ಸಸ್ತನಿಗಳ ರಕ್ತವನ್ನು ಎದುರಿಗಿದ್ದೇ ತೆಗೆಸಿ, ಟ್ಯೂಬುಗಳಿಗೆ ಬರೀ ನಂಬರು ಹಾಕಿಸಿ, ಯಾವುದು ಯಾರದೆಂಬ ಪಟ್ಟಿಯನ್ನು ಅಟೆಂಡರ್ ಕೈಲಿ ಬರೆಸಿ ಲಕೋಟೆಗೆ ಅರಗು ಹಾಕಿಸಿದ್ದರು.

"ಐದನೆಯದರಲ್ಲಿ ವೈ ಕ್ರೋಮೋಸೋಮೇ ಇಲ್ಲ ಸಾರ್," ಎಂದಳು ಅವರ ಸಂಶೋಧನಾ ವಿದ್ಯಾರ್ಥಿನಿ ತಾರಿಣಿ.

"ಯಾವುದೋ ಹೆಣ್ಣಿನ ರಕ್ತ ತಂದು ಸುರಿದಿದ್ದೀಯ."

"ಇಲ್ಲ ಸಾರ್. ಕೋಟ್ಯಂತರ ವರ್ಷಗಳಿಂದ ವೈ ಸವೆಯುತ್ತಲೇ ಬಂದಿದೆಯಲ್ಲ. ಇದರಲ್ಲಿ ಗಂಡಾಗಿಸುವ ಜೀನ್ ಮಾತ್ರ ಹಾರಿ ಎಕ್ಸ್‌ಗೆ ಅಂಟಿಕೊಂಡಿದೆ. ನೋಡೋಕೆ ಗಂಡೇ. ಸಂತಾನ ಆಗಲ್ಲ, ಅಷ್ಟೆ."

"ಕತೆ ಕಟ್ಟಬೇಡ. ಪಟ್ಟಿ ತೆಗೀತೀನಿ. ಸುಳ್ಳು ಅಂತಾದರೆ ನಿನ್ನ ಪಿಎಚ್‌ಡಿ ಇವತ್ತಿಗೆ ಮುಗೀತು."

ಮೊಣಕೈ ಒಳಗಿನ ಹತ್ತಿ-ಪ್ಲಾಸ್ಟರನ್ನು ತುರಿಸಿಕೊಳ್ಳುತ್ತಾ ಅವರು ಅರಗು ಒಡೆದರು. ಅವಳಿಗೆ ಕೇಳಲೆಂದೇ ಗಟ್ಟಿಯಾಗಿ ಓದಿದರು.

"ಒಂದು, ಹೋರಿ. ಎರಡು, ಟಗರು. ಮೂರು, ನಾಯಿ. ನಾಲ್ಕು, ಕುದುರೆ."

ಐದರ ಮುಂದೆ ಅಟೆಂಡರ್ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದ: ನಮ್ಮ ಸಾಹೇಬರು.