ಮೂವತ್ತೆರಡು ದಾಟಿದರೆ

"ಬಲಿತಿದೆ!" ಎಂದು ಪ್ರಯೂನ್ ಮರದ ಮೇಲಿಂದ ಕೂಗಿದ. ಡುರಿಯನ್ ಕಾಯಿಗೆ ಕತ್ತಿಯ ಹಿಡಿಯಿಂದ ಎರಡು ಸಲ ತಟ್ಟಿ, ಎಡ ಅಂಗೈಯನ್ನು ಮುಳ್ಳುಗಳ ಮೇಲೇ ಇಟ್ಟುಕೊಂಡಿದ್ದ. ಪಕ್ಕದ ಕೊಂಬೆಯಲ್ಲಿ ಕೂತ ಮಗಳು ರಾಂಫಾ ಬೆಳಕಿನ ಯಂತ್ರವನ್ನು ಕಾಯಿಗೆ ಒತ್ತಿ ಹಿಡಿದಳು. ಕಾಯಿಯನ್ನು ಸೀಳದೆಯೇ ಒಳಗಿನ ತೊಳೆ ಎಷ್ಟು ಬಲಿತಿದೆಯೆಂದು ಅದು ಹೇಳುತ್ತದೆ. ಅಂಕಿ ಮೂವತ್ತೆರಡು ದಾಟಿದರೆ ಕೊಯ್ಯಬಹುದು. ತಾನು ಬಲಿತಿದೆ ಎಂದ ಕಾಯಿ ಅದನ್ನು ದಾಟದಿದ್ದರೆ ಇನ್ನು ಮರವನ್ನೇ ಹತ್ತುವುದಿಲ್ಲವೆಂದು ಪ್ರಯೂನ್ ಬೆಳಿಗ್ಗೆ ಗಂಜಿ ಕುಡಿಯುವಾಗ ಎಲ್ಲರೆದುರು ಆಣೆ ಹಾಕಿದ್ದ.

"ಕಿವುಡನ ಮಾತು ಕೇಳಿ ಎಳೆಗಾಯಿ ಕೊಯ್ದ್ರೆ ಚಂತಬುರಿ ಪೇಟೆ ತುಂಬ ನಗ್ತಾರೆ!" ಎಂದು ಕೆಳಗೆ ಗೋಣಿಚೀಲ ಹರಡಿ ನಿಂತಿದ್ದ ಹೆಂಡತಿ ಸಮ್ಲಿ ಕಿರುಚಿದಳು. ಪ್ರಯೂನ್ ಎಲ್ಲ ಕೇಳಿಸಿದವನಂತೆ ತಲೆಯಾಡಿಸಿದ. ಎರಡು ವರ್ಷದಿಂದ ಅವನು ಹೀಗೇ ತಲೆಯಾಡಿಸುತ್ತಿದ್ದ. ಕಿವಿ ಹೋಗಿದೆ ಎಂದವರ ಮೇಲೆ ಹರಿಹಾಯುತ್ತಿದ್ದ.

ರಾಂಫಾ ಯಂತ್ರವನ್ನು ಅಪ್ಪನ ಕಣ್ಣೆದುರು ತಿರುಗಿಸಿದಳು. ಮೂವತ್ತನಾಲ್ಕು! ಪ್ರಯೂನ್ ಅಂಕಿ ನೋಡಿದ, ಆಮೇಲೆ ತನ್ನ ಎಡ ಅಂಗೈ ನೋಡಿಕೊಂಡ. ತಟ್ಟಿದ ಸದ್ದು ಕಿವಿಗೆ ಮುಟ್ಟದೆ ಎರಡು ಸುಗ್ಗಿ ಕಳೆದಿದ್ದವು. ಅದರ ನಡುಕ ಮಾತ್ರ ಅಂಗೈಗೆ ಒಂದು ದಿನವೂ ತಪ್ಪಿರಲಿಲ್ಲ.

ಅವನು ತೊಟ್ಟು ಕತ್ತರಿಸಿದ. ಸಮ್ಲಿ ಬೀಳುವ ಕಾಯಿಯನ್ನು ಚೀಲದಲ್ಲಿ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿ, "ಗೆದ್ದುಬಿಟ್ಯಲ್ಲೋ ಮುದುಕಾ!" ಎಂದಳು. ಪ್ರಯೂನನಿಗೆ ಕಂಡದ್ದು ಅವಳ ತುಟಿ ಅಲ್ಲಾಡಿದ್ದಷ್ಟೇ. ಈ ಸಲ ಅವನು ತಲೆಯಾಡಿಸಲಿಲ್ಲ. ಕೊಂಬೆಯಿಂದ ಬಗ್ಗಿ, ಹೊಟ್ಟೆ ತುಂಬ ನಗುತ್ತ ಕೂಗಿದ: "ಏನಂದೆ? ನಂಗೆ ಕಿವಿ ಕೇಳ್ಸಲ್ಲ ಕಣೇ, ಜೋರಾಗಿ ಹೇಳು!"